ಟೋಪಿ ಹಾಕಿಕೊಂಡ ಕುಂಬಳಕಾಯಿ

ಎಲ್ಲದಕ್ಕೂ ಮೂಲ ಲಿಫ್ಟು. ನಾಲ್ಕನೇ ಮಹಡಿಗೆ ಹೋಗಬೇಕಾದದ್ದು ಮೂರರಲ್ಲೇ ಬಾಗಿಲು ತೆರೆಯಿತು. ಫೋನಿನಲ್ಲಿ ಮಾತಾಡುತ್ತಿದ್ದ ಶಶಾಂಕ್ ತನ್ನ ಮಹಡಿ ಬಂತೆಂದು ಇಳಿದುಬಿಟ್ಟ.

ಅವನ ಕಂಕುಳಲ್ಲಿ ಒಂದು ಸಿಹಿಗುಂಬಳಕಾಯಿ, ಅದರ ತಲೆಗೆ ಕೆಂಪು ಉಲ್ಲನ್ನಿನ ಟೋಪಿ. ಕ್ರೋಶಾ ಕಡ್ಡಿ ಹಿಡಿದು ಆ ಟೋಪಿ ಹೆಣೆದವಳು ಅವನ ಹೆಂಡತಿ ಅರ್ಪಿತಾ.

ತುಮಕೂರಿನ ಈ ದಂಪತಿ ಮೊದಲು ವಿಜಯವಾಡದಲ್ಲಿದ್ದರು. ಶಶಾಂಕನಿಗೆ ಆಟೋನಗರದ ಬ್ಯಾಂಕ್ ಶಾಖೆಯಲ್ಲಿ ಕೆಲಸ. ಅಲ್ಲಿಯ ಸೆಕೆಯಲ್ಲಿ ಉಲ್ಲನ್ ಎಂಬ ಮಾತು ಕಿವಿಗೆ ಬಿದ್ದರೂ ಬೆವರು ಕಿತ್ತುಕೊಂಡು ಬರುತ್ತಿತ್ತು. ದಸರೆಗೆ ಮುಂಚೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಪೆಂಡುರ್ತಿಯಲ್ಲಿ ಮನೆ ಮಾಡಿದರು. ಕಾರ್ತಿಕದ ಒಂದು ಬೆಳಗ್ಗೆ ಕಿಟಕಿಯಿಂದ ತುಸು ತಣ್ಣನೆಯ ಗಾಳಿ ಬಂದದ್ದೇ ತಡ, ಶರದೃತು ಬಂತೆಂದು ಅರ್ಪಿತಾ ಸಾರಿಬಿಟ್ಟಳು. ಯಾವುದೋ ಚಳಿದೇಶದ ಹೆಂಗಸರು ಮನೆಯನ್ನು ಬೆಚ್ಚಗೆ ಸಿಂಗರಿಸುವ ವಿಡಿಯೋಗಳೇ ಅವಳಿಗೆ ಗುರು. ಸೋಫಾಕ್ಕೆ ಹೊದಿಕೆ ಬಂತು, ಕಾಫಿ ಲೋಟಕ್ಕೆ ಅಂಗಿ ಬಂತು, ರಿಮೋಟಿಗೊಂದು ಚೀಲ ಬಂತು. ಫ್ಯಾನು ಪೂರ್ತಿ ಜೋರಾಗಿ ತಿರುಗುತ್ತಿದ್ದರೂ ಶಶಾಂಕ್ ತೊಡೆಯ ಮೇಲೆ ಉಲ್ಲನ್ ಶಾಲು ಹರಡಿಕೊಂಡು ದಾಲ್ಚಿನ್ನಿ ಹಾಕಿದ ಕಾಫಿ ಕುಡಿಯಬೇಕು. ಶಾಲಿನ ಕೆಳಗೆ ಇಡ್ಲಿಯಂತೆ ಬೇಯುತ್ತ ಅವನು ಹಾಯಾಗಿದೆ ಅನ್ನುತ್ತಿದ್ದ.

ಆ ಭಾನುವಾರ ಅವಳು ಎಣ್ಣೆ ಸ್ನಾನಕ್ಕೆ ಹೋಗುವ ಮುಂಚೆ ಅವನಿಗೆ ಕೆಲಸ ಒಪ್ಪಿಸಿದ್ದಳು. ಸಂತೆಯಿಂದ ಕುಂಬಳಕಾಯಿ ತಂದು, ಟೋಪಿ ತೊಡಿಸಿ, ಬಾಗಿಲ ಪಕ್ಕ ಇಟ್ಟು, ಕೆಳಗಿನ ಬಾದಾಮಿ ಮರದ ಉದುರೆಲೆಗಳನ್ನು ಸುತ್ತಲೂ ಹರಡಬೇಕು. ಶಶಾಂಕ್ ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದ, ಒಂದು ಮಹಡಿ ಕೆಳಗೆ. ಎಟಿಎಂ ಕೆಟ್ಟಿದೆಯೆಂದು ಶಾಖೆಯಿಂದ ಬಂದಿದ್ದ ಫೋನನ್ನು ಕೆನ್ನೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ ಟೋಪಿ ಸರಿಮಾಡಿ, ಆಮೇಲೆ ಅದರ ಪಕ್ಕ ಹಚ್ಚಿಡುವ ಮೇಣದಬತ್ತಿ ತರಲು ಅಂಗಡಿಗೆ ಹೋದ.

ವಾಪಸು ಬರುವಾಗ ಮೂರನೇ ಮಹಡಿಯಲ್ಲಿ ಜನ ಸೇರಿದ್ದರು. ಗದ್ದಲ ಕೇಳಿ ಅವನೂ ಅಲ್ಲಿ ಇಳಿದ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಈಶ್ವರಯ್ಯನವರ ಬಾಗಿಲಲ್ಲಿ ಅವನದೇ ಕುಂಬಳಕಾಯಿ ಕೂತಿತ್ತು. ಶಶಾಂಕ್ ಮೇಣದಬತ್ತಿಗಳನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದ.

ಇದು ಚೇತಬಡಿ, ಅಂದರೆ ಮಾಟ ಎಂದು ಈಶ್ವರಯ್ಯ ಆಗಲೇ ತೀರ್ಮಾನ ಕೊಟ್ಟಿದ್ದರು. ಕೆಂಪು ದಾರ, ಒಣಗಿದ ಎಲೆ, ಕುಂಬಳಕಾಯಿ, ಇನ್ನೇನು ಉಳಿಯಿತು? ಅವರ ಹೆಂಡತಿ ಕನಕದುರ್ಗ ಅವರಿಗೆ ಬೆಳಗಿನಿಂದ ಕುತ್ತಿಗೆ ಹಿಡಿದುಕೊಂಡಿತ್ತು. ಅದಕ್ಕೆ ಕಾರಣ ಸಿಕ್ಕಿತೆಂದು ಅವರು ಅಳುತ್ತಿದ್ದರು. ಇದನ್ನು ಮಾಡಿದವನು ಕೈಗೆ ಸಿಗಲಿ, ಗೇಟಿಗೆ ಕಟ್ಟಿ ಪೊಲೀಸರನ್ನು ಕರೆಸುತ್ತೇನೆ ಎಂದು ಈಶ್ವರಯ್ಯ ಗುಡುಗಿದರು. ಶಶಾಂಕನ ಕೈ ಅವನಿಗೆ ಗೊತ್ತಿಲ್ಲದೆಯೇ ಬೆನ್ನು ಸವರಿಕೊಂಡಿತು. ಬಾಯಿಗೆ ಬಂದಿದ್ದ ನಿಜ ವಾಪಸು ಹೊಟ್ಟೆಗಿಳಿಯಿತು.

ಕುಂಬಳಕಾಯಿಯನ್ನು ಸಮುದ್ರಕ್ಕೆ ಬಿಡಬೇಕೆಂದಾಯಿತು. ಮುಟ್ಟುವವರು ಯಾರು? ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ವೆಂಕಟರಮಣ ಸುತ್ತಲೂ ನೋಡಿ, ತೆಲುಗಿನಲ್ಲಿ ಮಾಡಿದ ಮಾಟ ಕನ್ನಡದವರಿಗೆ ತಾಗುವುದಿಲ್ಲ ಎಂಬ ಹೊಸ ವಿಚಾರ ಮುಂದಿಟ್ಟರು. ಎಲ್ಲರಿಗೂ ಅದು ಸರಿಯೆನಿಸಿತು. ಕೆಲಸ ಸರಿಯಾಗಿ ಆಗುವುದನ್ನು ಕಣ್ಣಾರೆ ನೋಡಲು ಈಶ್ವರಯ್ಯ ತಾವೇ ಶಶಾಂಕನ ಸ್ಕೂಟರಿನ ಹಿಂದಿನ ಸೀಟು ಹತ್ತಿದರು.

ಅರ್ಧ ದಾರಿಯಲ್ಲಿ ಅರ್ಪಿತಾಳ ಫೋನು ಬಂತು.

"ರೀ, ಕುಂಬಳಕಾಯಿ ಎಲ್ರೀ?"

"ನನ್ ಜೊತೇಲೇ ಇದೆ ಕಣೇ," ಎಂದ ಶಶಾಂಕ್ ತಗ್ಗಿದ ದನಿಯಲ್ಲಿ. "ಸ್ವಲ್ಪ ಸುತ್ತಾಡಿಕೊಂಡು ಬರ್ತೀವಿ."

ಋಷಿಕೊಂಡದ ತೀರದಲ್ಲಿ ಅವನು ಮೊಣಕಾಲುದ್ದ ನೀರಿಗಿಳಿದು ಕುಂಬಳಕಾಯಿ ಎಸೆದ. ಅದು ಮುಳುಗಲಿಲ್ಲ. ಒಂದು ಅಲೆ ಅದನ್ನು ಎತ್ತಿ, ಗಿರಗಿರನೆ ತಿರುಗಿಸಿ, ಟೋಪಿಯ ಸಮೇತ ಈಶ್ವರಯ್ಯನವರ ಕಾಲ ಬಳಿಯೇ ತಂದಿಟ್ಟಿತು. ಈಶ್ವರಯ್ಯ ಹಾರಿ ಹಿಂದೆ ಸರಿದರು. ಶಶಾಂಕ್ ಮತ್ತೆ ಎಸೆದ, ಅದು ಮತ್ತೆ ಬಂತು. ಮರೆತುಹೋದ ಸಾಮಾನನ್ನು ಹಿಂತಿರುಗಿಸುವ ಪ್ರಾಮಾಣಿಕ ಅಂಗಡಿಯವನಂತೆ ಸಮುದ್ರ ಪ್ರತಿ ಸಲವೂ ತಂದುಕೊಟ್ಟಿತು. ಕೊನೆಗೆ ದೋಣಿಯ ಬಳಿ ಬಲೆ ಬಿಡಿಸುತ್ತಿದ್ದ ಬೆಸ್ತನೊಬ್ಬ ಇವರ ಅವಸ್ಥೆ ನೋಡಲಾರದೆ, ತಾನು ಒಳಗೆ ಹೋಗುವಾಗ ಬಿಟ್ಟುಬರುತ್ತೇನೆಂದು ಒಪ್ಪಿಕೊಂಡ. ಟೋಪಿಯನ್ನು ಮಾತ್ರ ಬಿಚ್ಚಿ, ಹಿಂಡಿ, ತನ್ನ ತಲೆಗೇ ಹಾಕಿಕೊಂಡ. ಅಳತೆ ಕೊಟ್ಟು ಹೆಣೆಸಿದಂತೆ ಕೂತಿತು.

ಈಶ್ವರಯ್ಯನವರ ಕಣ್ಣಲ್ಲಿ ನೀರು. ವಾಪಸು ಬರುವ ದಾರಿಯುದ್ದಕ್ಕೂ ಶಶಾಂಕನ ಸೊಂಟ ಹಿಡಿದುಕೊಂಡು, ನೀನು ನನ್ನ ಮಗನಿಗಿಂತ ಹೆಚ್ಚು ಎನ್ನುತ್ತಿದ್ದರು.

ಗೇಟಿನ ಒಳಗೆ ಎಲ್ಲರೂ ಕಾದಿದ್ದರು. ವೆಂಕಟರಮಣ ತಮ್ಮ ಮೊಬೈಲನ್ನು ಈಶ್ವರಯ್ಯನವರ ಮುಂದೆ ಹಿಡಿದರು. ಲಿಫ್ಟಿನ ಎದುರಿನ ಕ್ಯಾಮೆರಾ ಎಲ್ಲವನ್ನೂ ನೋಡಿತ್ತು. ಪರದೆಯಲ್ಲಿ ಶಶಾಂಕ್ ಬಗ್ಗಿ ಎಲೆ ಹರಡುತ್ತಿದ್ದ, ಟೋಪಿ ನೇರ ಮಾಡುತ್ತಿದ್ದ, ಎರಡು ಹೆಜ್ಜೆ ಹಿಂದೆ ಸರಿದು ತೃಪ್ತಿಯಿಂದ ತಲೆಯಾಡಿಸುತ್ತಿದ್ದ. ಈಶ್ವರಯ್ಯ ಒಮ್ಮೆ ಪರದೆಯನ್ನು, ಒಮ್ಮೆ ಸ್ಕೂಟರನ್ನು ನೋಡಿದರು. ಶಶಾಂಕನಿಗೆ ಗೇಟಿನ ಕಂಬಿಗಳು ಎಂದಿಗಿಂತ ದಪ್ಪವಾಗಿ ಕಂಡವು.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಅರ್ಪಿತಾ ಮುಂದೆ ಬಂದಳು. ವಿಜಯವಾಡದಲ್ಲಿ ಕಲಿತ ತೆಲುಗಿನಲ್ಲಿ, ಒಂದು ಚೂರೂ ತಡವರಿಸದೆ ಹೇಳಿದಳು. ಇದು ಮಾಟವಲ್ಲ, ಮರ್ಯಾದೆ. ಹೊಸ ಊರಿಗೆ ಬಂದ ಕನ್ನಡದವರು ಕಾರ್ತಿಕದಲ್ಲಿ, ತಾವು ಬಹಳ ಗೌರವಿಸುವ ಹಿರಿಯರ ಬಾಗಿಲಲ್ಲಿ, ಕೈಯಾರೆ ಹೆಣೆದ ಟೋಪಿ ತೊಡಿಸಿ ಕುಂಬಳಕಾಯಿ ಇಡುತ್ತಾರೆ. ಇಟ್ಟವರು ಅದನ್ನು ಬಾಯಿಬಿಟ್ಟು ಹೇಳಬಾರದು. ಅದಕ್ಕೇ ಪಾಪ, ಇವರು ಸುಮ್ಮನಿದ್ದರು.

ಈಶ್ವರಯ್ಯನವರ ಮುಖ ಕೆಂಪೇರಿ, ಆಮೇಲೆ ಸಪ್ಪಗಾಯಿತು. ತಮಗೆ ಬಂದ ಗೌರವವನ್ನು ತಾವೇ ಸಮುದ್ರಕ್ಕೆ ಹಾಕಿಸಿದ್ದರು. ಕನಕದುರ್ಗ ಅವರ ಕುತ್ತಿಗೆ ಅಲ್ಲೇ ಸಡಿಲವಾಯಿತು. ಶಶಾಂಕ್ ಉಸಿರು ಬಿಟ್ಟ. ಹೆಂಡತಿಯ ಕಾಲಿಗೆ ಬೀಳಬೇಕೆನಿಸಿತು.

ಆಗ ವೆಂಕಟರಮಣ ಗಂಟಲು ಸರಿಮಾಡಿಕೊಂಡರು. ಹಾಗಾದರೆ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ ಗೌರವ ಬೇಡವೇ ಎಂದು ಕೇಳಿದರು. ಎರಡನೇ ಮಹಡಿಯವರು, ತಾವು ಈಶ್ವರಯ್ಯನವರಿಗಿಂತ ವಯಸ್ಸಿನಲ್ಲಿ ದೊಡ್ಡವರೆಂದು ನೆನಪಿಸಿದರು. ಒಂದೊಂದೇ ಬಾಗಿಲಿನ ಲೆಕ್ಕ ಶುರುವಾಯಿತು. ಅರ್ಪಿತಾ ನಗುತ್ತಲೇ ಎಲ್ಲರಿಗೂ ಹೂಂಗುಟ್ಟಿ, ಶಶಾಂಕನ ಕಿವಿಯಲ್ಲಿ ಪಿಸುಗುಟ್ಟಿದಳು. "ಇಷ್ಟೂ ಟೋಪಿ ನನ್ನೊಬ್ಬಳ ಕೈಲಿ ಆಗಲ್ಲ ರೀ. ನೀವೂ ಕ್ರೋಶಾ ಕಲೀರಿ."

ಅದೂ ಸಾಲದೆಂಬಂತೆ ನೆಲಮಹಡಿಯ ಬಾಗಿಲು ತೆರೆದುಕೊಂಡು ಕಮಲಾಕ್ಷಮ್ಮ ಹೊರಬಂದರು. ಬಳ್ಳಾರಿಯಲ್ಲಿ ಹುಟ್ಟಿ, ತೆಲುಗು ಮನೆಗೆ ಸೊಸೆಯಾಗಿ ಬಂದು ಇಲ್ಲೇ ತಲೆ ನರೆತವರು. ಆ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಬಲ್ಲ ಇನ್ನೊಂದು ಜೀವ ಅವರೊಬ್ಬರೇ. ಈಗ ಬಣ್ಣ ಬಯಲಾಯಿತೆಂದು ಶಶಾಂಕ್ ಕಣ್ಣು ಮುಚ್ಚಿಕೊಂಡ.

ಹೌದು, ಇಂಥ ಪದ್ಧತಿಯಿದೆ ಎಂದರು ಕಮಲಾಕ್ಷಮ್ಮ ತೆಲುಗಿನಲ್ಲಿ, ಎಲ್ಲರಿಗೂ ಕೇಳುವಂತೆ. ಈಗಿನ ಹುಡುಗರಿಗೆ ಅದು ಅರ್ಧ ಮಾತ್ರ ಗೊತ್ತು, ಅಷ್ಟೇ. ಕುಂಬಳಕಾಯಿಗಳನ್ನು ಇಟ್ಟ ಗಂಡಸೇ ಅವನ್ನೆಲ್ಲ ಹೆಚ್ಚಿ, ತನ್ನ ಕೈಯಿಂದ ಅಡುಗೆ ಮಾಡಿ, ಎಲ್ಲರಿಗೂ ಬಡಿಸಬೇಕು. ಮುಂದಿನ ಭಾನುವಾರ ಹೇಗೂ ಕಾರ್ತಿಕ ವನಭೋಜನ, ಅಲ್ಲೇ ಆಗಲಿ ಎಂದು ವೆಂಕಟರಮಣ ಒಪ್ಪಿಗೆ ಕೊಟ್ಟರು.

ಜನ ಚದುರಿದ ಮೇಲೆ ಶಶಾಂಕ್ ಮುದುಕಿಯ ಹಿಂದೆಯೇ ಅವರ ಬಾಗಿಲತನಕ ಹೋದ.

"ಅಮ್ಮಾ, ನಿಜ ಹೇಳಿ. ನಿಮ್ಮ ಬಳ್ಳಾರಿ ಕಡೆ ಇಂಥ ಪದ್ಧತಿ ಇದೆಯಾ?"

"ಎಲ್ಲೀದಪ್ಪಾ," ಎಂದರು ಕಮಲಾಕ್ಷಮ್ಮ. "ಈ ಮನ್ಯಾಗ ಯಾರಿಗೂ ಕುಂಬಳಕಾಯಿ ಸೇರಂಗಿಲ್ಲ. ನನಗೊಬ್ಬಾಕಿಗೆ ಅಂತ ಎಲ್ಲಿ ಮಾಡ್ಕೊಳ್ಳಲಿ? ಪಲ್ಯಕ್ಕ ಬೆಲ್ಲ ಸ್ವಲ್ಪ ಜಾಸ್ತಿ ಇರಲಿ."