ನಾನು ಕೆಂಪು ನಡುಪಟ್ಟಿ ಕಟ್ಟಿದ್ದು

ಮನಸ್ಸು ಮಾಡಿದರೆ ಪೈಲ್ವಾನನಾಗುವುದು ಕಷ್ಟವಲ್ಲ ಎಂದು ನಾನು ನಂಬಿದ್ದೆ. ನನ್ನ ತಮ್ಮ ಚನ್ನಬಸು ಆಗಿದ್ದನಲ್ಲ! ಇಬ್ಬರೂ ಕುಡಿದದ್ದು ಒಂದೇ ತಾಯಿಯ ಹಾಲು, ತಿಂದದ್ದು ಒಂದೇ ಒಲೆಯ ರೊಟ್ಟಿ. ಅವನು ತಾಲೀಮಿನ ಗರಡಿಮಣ್ಣಿನಲ್ಲಿ ಬೆಳೆದ, ನಾನು ತಾಂಡೂರಿನ ಪೇಟೆಯಲ್ಲಿ ಬಟ್ಟೆ ಅಂಗಡಿ ಹಿಡಿದು ಕುಳಿತೆ, ಅಷ್ಟೇ ವ್ಯತ್ಯಾಸ. ಗಜಕಡ್ಡಿ ಎತ್ತುವುದನ್ನೇ ನಾನು ವ್ಯಾಯಾಮವೆಂದು ತಿಳಿದಿದ್ದೆ.

ಆಗ ನಿಜಾಮರ ಆಳ್ವಿಕೆ. ಆ ವರ್ಷ ಊರಿಗೆ ಪ್ಲೇಗು ಬಂತು. ಕಲ್ಲಿನಂತಿದ್ದ ಚನ್ನಬಸುವನ್ನು ಎತ್ತಿಕೊಂಡು ಹೋಯಿತು, ಕಡ್ಡಿಯಂತಿದ್ದ ನನ್ನನ್ನು ಬಿಟ್ಟಿತು. ಪ್ಲೇಗಿಗೂ ಆರಿಸುವುದು ಗೊತ್ತಿತ್ತು. ದವಾಖಾನೆಯವರು ಬಂದು ಅವನ ಅಂಗಿ, ಧೋತರ, ಕೌದಿ, ಹಾಸಿದ ಚಾಪೆ ಎಲ್ಲವನ್ನೂ ಅಂಗಳದಲ್ಲಿ ಹಾಕಿ ಸುಟ್ಟರು. ನೆನಪಿಗೆ ಒಂದು ಎಳೆ ನೂಲೂ ಉಳಿಯಲಿಲ್ಲ. ಅಣ್ಣನದು ಬಟ್ಟೆ ಅಂಗಡಿ!

ಉಳಿದದ್ದು ಒಂದೇ. ತಾಲೀಮಿನಲ್ಲಿ ಪ್ರತಿಯೊಬ್ಬ ಪೈಲ್ವಾನನಿಗೂ ಗೋಡೆಯಲ್ಲಿ ಒಂದು ಗೂಟ. ಅದರ ಮೇಲೆ ಅವನು ಗಳಿಸಿದ ನಡುಪಟ್ಟಿ ತೂಗುತ್ತದೆ. ಮೊದಲು ಬಿಳಿಯದು, ಆಮೇಲೆ ಹಳದಿ, ಕಡೆಗೆ ಕೆಂಪು. ಚನ್ನಬಸುವಿನ ಕೆಂಪು ಪಟ್ಟಿ ಅಲ್ಲೇ ಇತ್ತು.

"ಆ ಪಟ್ಟಿ ಮನಿಗಿ ತಾರಪ್ಪಾ," ಎಂದಳು ಅವ್ವ. ತಮ್ಮ ಹೋದಮೇಲೆ ಆಕೆ ನನ್ನಲ್ಲಿ ಕೇಳಿದ್ದು ಅದೊಂದನ್ನೇ.

ಹೋಗಿ ಖಾಸೀಂ ಉಸ್ತಾದರನ್ನು ಕೇಳಿದೆ. ಅವರು ತಾಲೀಮಿನ ಗುರುಗಳು. ಅಲ್ಲಿಯ ಹನುಮಂತನ ಗೂಡಿಗೆ ದಿನಾಲು ಎಣ್ಣೆ ಹಾಕುವವರೂ ಅವರೇ.

"ನನ್ನ ಕೈಯಾಗ ಇಲ್ಲ ಬಾಬಾ," ಎಂದರು. ಕಣ್ಣು ಒರೆಸಿಕೊಂಡರು. "ತಾಲೀಮಿನ ದಸ್ತೂರ್ ಅದ. ಸತ್ತವನ ಪಟ್ಟಿ ನಾಗರಪಂಚಮಿತನ ಗೂಟದಾಗ ಇರ್ತದ. ಅಷ್ಟ್ರಾಗ ಅವನ ಮನಿಯವ್ರು ಯಾರಾರ ಮೂರೂ ಪಟ್ಟಿ ಗೆದ್ದು ತಮ್ಮ ಕೆಂಪು ಪಟ್ಟಿ ಅಲ್ಲಿ ಹಾಕಿದ್ರ, ಹಳೇದು ಮನಿಗಿ ಹೋಗ್ತದ. ಇಲ್ಲಾಂದ್ರ ಕಾಗಿಣಾ ನದಿಗಿ ಬಿಡ್ತೀವಿ."

"ಮನಿಯಾಗ ನಾನೊಬ್ನೇ ಇದ್ದೀನ್ರಿ ಉಸ್ತಾದ್."

ಅವರು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ. "ಅಲ್ಲಾನ ಮರ್ಜಿ," ಎಂದರು.

ಮನೆಗೆ ಬಂದು ನನ್ನ ನಿರ್ಧಾರವನ್ನು ಗಂಭೀರವಾಗಿ ಘೋಷಿಸಿದೆ. ಹೆಂಡತಿ ನೀಲಮ್ಮ ಜೋಳ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಖರೇನ್ರಿ? ಮೊನ್ನಿ ಕೊಡ ಎತ್ತಿ ನಡಾ ಹಿಡ್ಕೊಂಡಿತ್ತಲ್ರಿ?"

"ಅದು ನೀರಿನ ಕೊಡ. ಇದು ವಿದ್ಯೆ," ಎಂದೆ.

ಬಿಳಿ ಪಟ್ಟಿಯ ಪರೀಕ್ಷೆ ಹೀಗೆ. ಶಿಷ್ಯ ತನ್ನ ಮನೆಯಿಂದ ಉಸ್ತಾದರಿಗೆ ಚಹಾ ತರಬೇಕು. ಅವರು ಅದನ್ನು ಕುಡಿದು ಮುಗಿಸುವ ತನಕ ಬೈಠಕ್ ಹೊಡೆಯುತ್ತಿರಬೇಕು. ಕೂತು ಎದ್ದು, ಕೂತು ಎದ್ದು, ನಿಲ್ಲುವಂತಿಲ್ಲ. ಒಂದು ಕಪ್ಪು ಚಹಾ ಎಷ್ಟು ಹೊತ್ತಿನದು! ನೀಲಮ್ಮನಿಗೆ ಒತ್ತಿ ಹೇಳಿದೆ: "ಗುರುಗಳಿಗೆ ಕೊಡೋದು. ಚಲೋತ್ನ್ಯಾಗ ಮಾಡು."

ಆಕೆ ಚಲೋತ್ನಾಗಿಯೇ ಮಾಡಿದಳು. ಕಳಕಳ ಕುದಿಸಿ, ತಂಬಿಗೆಗೆ ತುಂಬಿ, ಆರಬಾರದೆಂದು ಹಳೆಯ ಕಂಬಳಿಯ ತುಂಡು ಸುತ್ತಿ ಕೊಟ್ಟಳು. ತಾಲೀಮಿನಲ್ಲಿ ನಾನು ಬೈಠಕ್ ಶುರುಮಾಡಿದೆ. ಉಸ್ತಾದರು ಚಹಾವನ್ನು ಬಸಿಗೆ ಸುರಿದುಕೊಂಡು ತುಟಿಗೆ ಹಚ್ಚಿದವರು ತಟ್ಟನೆ ತೆಗೆದರು.

"ಅರೇ, ಬೆಂಕಿ ಅದಲ್ಲ!"

ಬಸಿ ಕೆಳಗಿಟ್ಟರು. ಅದು ಆರಲು ಬಿಟ್ಟರು. ನಾನು ಕೂತೆ, ಎದ್ದೆ. ಯಾರೋ ಬಂದು ಅವರೊಡನೆ ತೊಗರಿಯ ಧಾರಣೆ ಮಾತಾಡಿದರು. ನಾನು ಕೂತೆ, ಎದ್ದೆ. ಉಸ್ತಾದರು ಊದಿ ಊದಿ ಒಂದು ಗುಟುಕು ಕುಡಿದು, "ಮಸ್ತ್ ಮಾಡ್ಯಾಳ ನಮ್ಮ ಬೇಟಿ. ಇಂಥಾದ್ದು ಸಾವಕಾಶ ಕುಡೀಬೇಕು," ಎಂದರು. ಬೇರೆ ಶಿಷ್ಯರ ಮನೆಯವರೆಲ್ಲ ಆರಿದ ಚಹಾ ಕಳಿಸುತ್ತಾರೆ, ಸಕ್ಕರೆಯನ್ನೂ ಹಾಕುವುದಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ! ತಂಬಿಗೆ ಖಾಲಿಯಾಗುವ ಹೊತ್ತಿಗೆ ನಾನು ಏಳುತ್ತಿದ್ದೇನೋ ಕೂರುತ್ತಿದ್ದೇನೋ ನನಗೇ ಗೊತ್ತಾಗುತ್ತಿರಲಿಲ್ಲ. ಬಿಳಿ ಪಟ್ಟಿ ಕಟ್ಟಿಸಿಕೊಂಡು ಎತ್ತಿನ ಗಾಡಿಯಲ್ಲಿ ಮನೆಗೆ ಬಂದೆ. ಮನೆ ಇದ್ದದ್ದು ತಾಲೀಮಿನ ಹಿಂದಿನ ಓಣಿಯಲ್ಲೇ.

"ಚಾ ಹ್ಯಾಂಗಿತ್ತಂತ್ರಿ?" ಎಂದು ಕೇಳಿದಳು ನೀಲಮ್ಮ.

ನಾನು ಗೋಡೆ ಹಿಡಿದುಕೊಂಡು ಹಾಸಿಗೆಯ ಕಡೆ ನಡೆದೆ.

ಹಳದಿ ಪಟ್ಟಿಗೆ ಮಲ್ಲಕಂಬ. ಔಡಲೆಣ್ಣೆ ಹಚ್ಚಿದ ಕಂಬವನ್ನು ಏರಿ ತುದಿಯನ್ನು ಮುಟ್ಟಬೇಕು. ನಾನು ಮನೆಯ ಪಡಸಾಲೆಯ ಕಂಬವನ್ನು ಹತ್ತಿ ಹತ್ತಿ ಅಭ್ಯಾಸ ಮಾಡಿದೆ. ಜಂತೆಯ ಮಣ್ಣು ಉದುರಿ ಅವ್ವನ ಅನ್ನದ ತಾಟಿಗೆ ಬಿತ್ತು. ಆಕೆ ತಾಟು ಸರಿಸಿಕೊಂಡಳೇ ಹೊರತು ಇಳಿ ಎನ್ನಲಿಲ್ಲ. ಪರೀಕ್ಷೆಯ ದಿನ ನನಗೊಂದು ಉಪಾಯ ಹೊಳೆಯಿತು. ಎಣ್ಣೆ ಜಾರುತ್ತದೆ, ಬೂದಿ ಹಿಡಿಯುತ್ತದೆ. ಒಲೆಯ ಬೂದಿಯನ್ನು ಕೈಗೆ, ತೊಡೆಗೆ, ಪಾದಕ್ಕೆ ಧಾರಾಳವಾಗಿ ಬಳಿದುಕೊಂಡು ಹೋದೆ.

"ಏನಪಾ, ಸಾಧು ಆಗ್ಯಾನೇನು ಗುರಪ್ಪ?" ಎಂದು ಯಾರೋ ನಕ್ಕರು. ನಾನು ಲಕ್ಷ್ಯ ಕೊಡದೆ ಸರಸರನೆ ಏರಿದೆ. ತುದಿ ಮುಟ್ಟಿದೆ. ಚಪ್ಪಾಳೆ!

ತುದಿಯಿಂದ ತಾಲೀಮಿನ ಗೋಡೆಯ ಆಚೆ ಕಾಣುತ್ತಿತ್ತು. ವಾಡಿಯ ಕಡೆಗೆ ಹೊರಟ ರೈಲಿನ ಹೊಗೆ, ಅದರ ಈಚೆ ನಮ್ಮವರ ರುದ್ರಭೂಮಿ. ಚನ್ನಬಸುವನ್ನು ಕೂರಿಸಿ ಮಣ್ಣು ಮಾಡಿದ ಜಾಗದ ಮೇಲೆ ಆಗಲೇ ಹುಲ್ಲು ಬಂದಿತ್ತು. ಹಸಿರು ಹುಲ್ಲು. ಅದನ್ನೇ ನೋಡುತ್ತ ಕಂಬವನ್ನು ಅಪ್ಪಿಕೊಂಡು ಕುಳಿತೆ.

"ಆತು, ಮುಟ್ಟಿದಿ. ಇಳಿ ಈಗ!" ಎಂದರು ಉಸ್ತಾದರು.

ಇಳಿಯಲಿಲ್ಲ. ನಾನು ಹೆದರಿದ್ದೇನೆಂದು ಎಲ್ಲರೂ ತಿಳಿದರು. ಕೆಳಗೆ ನೋಡಿದ ಮೇಲೆ ಅದೂ ನಿಜವಾಯಿತು. ಒಬ್ಬ ಏಣಿ ತರಲೇ ಎಂದ. ಇನ್ನೊಬ್ಬ ಬೆಲ್ಲ ತೋರಿಸಿ ಕರೆಯಿರಿ ಎಂದ. ಕಡೆಗೆ ಬೆವರಿಗೆ ಬೂದಿ ತೊಳೆದು ಹೋಯಿತು, ಎಣ್ಣೆ ತನ್ನ ಕೆಲಸ ಮಾಡಿತು. ನಾನು ಇಳಿದೆ ಎನ್ನುವುದಕ್ಕಿಂತ ಬಂದೆ ಎನ್ನುವುದೇ ಸರಿ. ಹಳದಿ ಪಟ್ಟಿಯನ್ನು ನಿಂತುಕೊಂಡೇ ಕಟ್ಟಿಸಿಕೊಂಡೆ. ಕೂರುವ ಸ್ಥಿತಿ ಇರಲಿಲ್ಲ.

ಉಳಿದದ್ದು ಕೆಂಪು. ನಾಗರಪಂಚಮಿಯ ದಿನ ಎಲ್ಲರೆದುರು ಒಂದು ಕುಸ್ತಿ. ಗೆಲ್ಲಬೇಕೆಂದಿಲ್ಲ. ಹಲಗಿ ಬಾರಿಸುವುದು ನಿಲ್ಲುವ ತನಕ ಬೆನ್ನಿಗೆ ಮಣ್ಣು ಹತ್ತಬಾರದು, ಅಷ್ಟೇ. ತಾಲೀಮಿನಲ್ಲಿ ಪಟ್ಟು ಕಲಿಯಲು ನಾಚಿಕೆಯಾಗಿ ಮನೆಯಲ್ಲಿ ತೊಗರಿಯ ಚೀಲದೊಡನೆ ಕುಸ್ತಿ ಅಭ್ಯಾಸ ಮಾಡಿದೆ. ಚೀಲವೇ ಗೆದ್ದಿತು. ಅದರ ಕೆಳಗಿನಿಂದ ನನ್ನನ್ನು ಎಳೆದವಳು ನೀಲಮ್ಮ.

"ಚೀಲಕ್ಕ ಕೈ ಕಾಲು ಇಲ್ರಿ," ಎಂದಳು. "ಕೈ ಕಾಲು ಇದ್ದವ ಬಂದ್ರ ಏನ್ ಮಾಡ್ತೀರಿ?"

ಕೈ ಕಾಲು ಇದ್ದವನೇ ಬಂದ. ಬಶೀರಾಬಾದ್ ಕಡೆಯ ಕುರುಬರ ಮಾಳಪ್ಪ. ಟಗರನ್ನು ಕಂಕುಳಲ್ಲಿ ಹಿಡಿದು ಹಳ್ಳ ದಾಟುವ ಆಳು. ಅಖಾಡಕ್ಕೆ ಇಳಿಯುವ ಮುಂಚೆ ಅವನು ನನ್ನ ಎದೆ ನೋಡಿ ಕೈಮುಗಿದ.

"ಗುರಪ್ಪಣ್ಣಾರ, ಲಿಂಗ ಅದಲ್ರಿ?"

ಕೈ ತಾನಾಗಿಯೇ ಎದೆಗೆ ಹೋಯಿತು. ಇಷ್ಟು ತಿಂಗಳು ಚಹಾ, ಬೂದಿ, ಚೀಲ ಎಲ್ಲ ಯೋಚಿಸಿದವನು ಇದನ್ನು ಯೋಚಿಸಿರಲಿಲ್ಲ! ಕೊರಳಿನ ಲಿಂಗ ಮೈ ಬಿಟ್ಟು ಹೋಗುವಂತಿಲ್ಲ. ಎದೆಯ ಮೇಲೆ ಬಿಟ್ಟರೆ ಮಾಳಪ್ಪನ ಒಂದೇ ಅಪ್ಪುಗೆಗೆ ಲಿಂಗದ ಕರಡಿಗೆ ಚಪ್ಪಟೆ, ನಾನೂ ಚಪ್ಪಟೆ. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಇಷ್ಟೂ ತಿಳಿಯದವನೇ ಎನ್ನುತ್ತಾರಲ್ಲ! ಲಿಂಗವನ್ನು ಕರಡಿಗೆಯ ಸಮೇತ ತಲೆಯ ಮೇಲಿಟ್ಟು ರುಮಾಲು ಬಿಗಿದು ಅಖಾಡಕ್ಕಿಳಿದೆ.

ಹಲಗಿ ಶುರುವಾಯಿತು. ಮಾಳಪ್ಪ ತೊಡೆ ತಟ್ಟಿದ. ನಾನು ಒಂದು ಕೈಯಿಂದ ತೊಡೆ ತಟ್ಟಿದೆ, ಇನ್ನೊಂದು ಕೈಯಿಂದ ರುಮಾಲು ಹಿಡಿದುಕೊಂಡೆ. ಅವನು ಎಡಕ್ಕೆ ಬಂದರೆ ನಾನು ಬಲಕ್ಕೆ ಹೋದೆ. ಅವನು ಬಲಕ್ಕೆ ಬಂದರೆ ನಾನು ರುಮಾಲು ಸರಿಮಾಡಿಕೊಂಡೆ. ಜನ ಕೂಗತೊಡಗಿದರು: "ಏ ಗುರಪ್ಪ, ಎರಡೂ ಕೈ ಹಾಕೋ! ಕುಸ್ತಿಗಿ ಬಂದೀಯೋ ಮದಿವಿಗಿ ಬಂದೀಯೋ!"

ಅಷ್ಟರಲ್ಲಿ ಮಾಳಪ್ಪ ನನ್ನ ನಡುವಿಗೆ ಕೈಹಾಕಿ ಎತ್ತಿಯೇಬಿಟ್ಟ. ನನ್ನ ಕಾಲು ನೆಲ ಬಿಟ್ಟಿತು. ಎಲ್ಲ ಮುಗಿಯಿತೆಂದುಕೊಂಡೆ. ಅವ್ವ ಬಾಗಿಲಲ್ಲಿ ಕಾಯುತ್ತಿರುತ್ತಾಳೆ. ಸಂಜೆ ಪಟ್ಟಿ ಕಾಗಿಣೆಯ ನೀರಿಗೆ ಹೋಗುತ್ತದೆ. ಕಣ್ಣು ಮುಚ್ಚಿಕೊಂಡೆ.

ಬೀಳಲಿಲ್ಲ. ಕಣ್ಣು ಬಿಟ್ಟರೆ ಇನ್ನೂ ಗಾಳಿಯಲ್ಲೇ ಇದ್ದೆ. ನನ್ನನ್ನು ಒಗೆಯಲು ಎತ್ತಿದ ಮಾಳಪ್ಪನಿಗೆ ರುಮಾಲು ಕಣ್ಣಿಗೆ ಬಿದ್ದಿತ್ತು. ತಲೆ ಕೆಳಗಾದರೆ ಲಿಂಗ ನೆಲಕ್ಕೆ! ಅವನು ನನ್ನನ್ನು ಹಿಡಿದುಕೊಂಡೇ ಒಂದು ಸುತ್ತು ತಿರುಗಿದ. ಆ ಕಡೆ ನೋಡಿದ, ಈ ಕಡೆ ನೋಡಿದ. ಅಳುವ ದನಿಯಲ್ಲಿ ಕೂಗಿದ:

"ಉಸ್ತಾದ್! ಇವ್ರಿಗಿ ಎಲ್ಲಿ ಇಡ್ಲಿರಿ?"

ಇಡೀ ತಾಲೀಮು ನಕ್ಕಿತು. ಹಲಗಿಯವನು ನಕ್ಕು ನಕ್ಕು ಕೈಯ ಕೋಲು ಬೀಳಿಸಿದ. ಹಲಗಿ ನಿಂತಿತು.

"ನೆಟ್ಟಗ ಇಡೋ, ಕಾಲ ಮ್ಯಾಲ!" ಎಂದರು ಉಸ್ತಾದರು. ಮಾಳಪ್ಪ ನನ್ನನ್ನು ತುಂಬಿದ ಕೊಡದಂತೆ ಮೆಲ್ಲಗೆ ಇಳಿಸಿದ.

ಒಬ್ಬ ಹಿರಿಯರು ಎದ್ದು ನಿಂತರು. "ಇದು ಕುಸ್ತಿ ಏನ್ರಿ ಉಸ್ತಾದ್? ಕೂಸಿನ ಎತ್ತಿದಾಂಗ ಎತ್ಯಾನ!"

ಉಸ್ತಾದರು ನನ್ನನ್ನು ತಿರುಗಿಸಿ ನಿಲ್ಲಿಸಿದರು. "ಬೆನ್ನಿಗಿ ಮಣ್ಣು ಹತ್ಯಾದೇನು? ಇಲ್ಲ. ಹಲಗಿ ನಿಂತದೇನು? ನಿಂತದ. ದಸ್ತೂರ್ ಬೆನ್ನು ಕೇಳ್ತದ, ಮರ್ಯಾದಿ ಕೇಳಲ್ಲ."

ಕೆಂಪು ಪಟ್ಟಿ ಕಟ್ಟುತ್ತ ನನ್ನ ಕಿವಿಯಲ್ಲಿ ಹೇಳಿದರು: "ನಿನ್ನ ತಮ್ಮ ಲಿಂಗ ರಟ್ಟಿಗಿ ಕಟ್ಕೊಂತಿದ್ದ. ಒಂದು ಮಾತು ಕೇಳಬಾರ್ದಾ?"

ಇನ್ನು ನನ್ನ ಪಟ್ಟಿ ಹಾಕಿ ಅವನದನ್ನು ತೆಗೆಯಬೇಕು. ಗೂಟದ ಹತ್ತಿರ ಹೋದೆ. ಕೈ ಎಟುಕಲಿಲ್ಲ. ಅದು ಚನ್ನಬಸುವಿನ ಎತ್ತರಕ್ಕೆ ಬಡಿದ ಗೂಟ. ಹೆಬ್ಬೆರಳ ಮೇಲೆ ನಿಂತೆ, ಹಾರಿದೆ, ಇಲ್ಲ. ಮಾಳಪ್ಪ ಬಂದು ನನ್ನನ್ನು ಮತ್ತೆ ಎತ್ತಿದ. ಈ ಸಲ ಯಾರೂ ನಗಲಿಲ್ಲ.

ಹೊಸ್ತಿಲಲ್ಲಿ ಕುಳಿತಿದ್ದ ಅವ್ವನ ಉಡಿಗೆ ಪಟ್ಟಿ ಹಾಕಿದೆ. ಬೆವರು, ಕೆಮ್ಮಣ್ಣು ಸೇರಿ ಅದು ಸೆಟೆದುಕೊಂಡಿತ್ತು. ಆಕೆ ಅದನ್ನು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು. "ಅವಂದೇ ಅದ," ಎಂದಳು. ಪಕ್ಕದಲ್ಲಿ ನಿಂತಿದ್ದ ನೀಲಮ್ಮ ಒಳಗೆ ಹೋದಳು.

ಆಮೇಲೆ ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು. ಎದೆ, ಬೆನ್ನು, ಮೊಣಕೈ ಎಲ್ಲ ಈಗ ಜಳಕ ಮಾಡಿ ಬಂದಂತಿದ್ದವು.

"ಚನ್ನಬಸು ಮನಿಗಿ ಬಂದ್ರ ಒಂದು ಬುಟ್ಟಿ ಮಣ್ಣು ತರ್ತಿದ್ದ," ಎಂದಳು. "ಇಷ್ಟು ಸ್ವಚ್ಛ ಪೈಲ್ವಾನ್‌ಗ ನಾ ನೋಡೇ ಇಲ್ಲ ನೋಡಪ್ಪಾ. ನೀ ಕುಸ್ತಿ ಆಡಿದೇನು, ಖರೇ ಹೇಳು?"

ಹೇಳಿದೆ. ಆಕೆಗೆ ನಗು ಬಂತು. ತಮ್ಮ ಹೋದಮೇಲೆ ಅವ್ವ ನಕ್ಕಿದ್ದು ಅದೇ ಮೊದಲು. ನನ್ನ ಕುಸ್ತಿಗೆ ನಕ್ಕವರಲ್ಲಿ ಮಾತ್ರ ಆಕೆಯೇ ಕಡೆಯವಳು. ತಾಂಡೂರು ಆಗಲೇ ನಕ್ಕು ಮುಗಿಸಿ ಊಟಕ್ಕೆ ಕುಳಿತಿತ್ತು.