ಕಣ್ಣು ಮುಚ್ಚಿದ ದಿನದ ಡಬ್ಬಿ

"ಮೊದಲು ಅದನ್ನ ಹೇಳು. ಎಲ್ಲಿಗೆ ಹೊರಟಿದೀಯ?"

"ಎಲ್ಲಿಗೂ ಇಲ್ಲ ಅಂತ ಬೆಳಗ್ಗಿಂದ ಬಡ್ಕೋತಾ ಇದೀನಲ್ರೀ. ಪಕ್ಕಕ್ಕೆ ಸರೀರಿ, ಸಾರು ಉಕ್ಕುತ್ತೆ."

ಪ್ಯೋ ಮನ್‌ಸಿಕ್ ಸರಿಯಲಿಲ್ಲ. ಚೊಂಗ್‌ಜು ನಗರದ ನೀರು ಸರಬರಾಜು ಕಚೇರಿಯಿಂದ ಉಪಮುಖ್ಯಸ್ಥರಾಗಿ ನಿವೃತ್ತರಾದ ಮೇಲೂ ಅವರಿಗೆ ತಾವು ನಿಂತ ಜಾಗವೇ ಕಚೇರಿ. ಒಲೆಯ ಮೇಲೆ ಮನೆಯಲ್ಲೇ ಅತಿ ದೊಡ್ಡ ಪಾತ್ರೆ. ಅದರ ತುಂಬ ಮೂಳೆ ಸಾರು. ಆ ಊರಲ್ಲಿ ಹೆಂಡತಿ ಅಷ್ಟು ದೊಡ್ಡ ಪಾತ್ರೆಯಲ್ಲಿ ಮೂಳೆ ಬೇಯಿಸಲು ಇಟ್ಟಳೆಂದರೆ ಗಂಡನ ಎದೆ ಡವಗುಟ್ಟುತ್ತದೆ. ಅವಳು ಎಲ್ಲಿಗೋ ಹೊರಟಿದ್ದಾಳೆ, ವಾರಗಟ್ಟಲೆ ಬರುವುದಿಲ್ಲ, ಗಂಡ ಇದನ್ನೇ ಬಿಸಿ ಮಾಡಿಕೊಂಡು ಬಿದ್ದಿರಬೇಕು.

"ಮಂಗಳವಾರ ನನಗೆ ಹರ್ನಿಯಾ ಆಪರೇಷನ್ನು. ಇಂಥಾ ಹೊತ್ತಲ್ಲಿ ನಿನಗೆ ಗೆಳತೀರ ಜತೆ ಟೂರು!"

"ಟೂರೂ ಇಲ್ಲ, ಗೀರೂ ಇಲ್ಲ. ಆಪರೇಷನ್ ಆದ್ಮೇಲೆ ಒಲೆ ಮುಂದೆ ನಿಲ್ಲೋಕಾಗಲ್ಲ ಅಂತ ಈಗ್ಲೇ ಮಾಡಿಡ್ತಾ ಇದೀನಿ."

"ನಾನ್ಯಾವತ್ತು ಒಲೆ ಮುಂದೆ ನಿಂತಿದ್ದೆ?"

"ಅದೂ ನಿಜವೇ" ಎಂದು ಹೆಂಡತಿ ಓಕ್‌ಬುನ್ ಸಾರಿನ ಮೇಲೆ ತೇಲಿದ ಕೊಬ್ಬು ತೆಗೆಯತೊಡಗಿದಳು. ಈಚೆಗೆ ಏನನ್ನೇ ನೋಡಬೇಕಾದರೂ ಆಕೆ ಗದ್ದ ಮೇಲಕ್ಕೆತ್ತಿ ನೋಡುತ್ತಾಳೆ. ಅದು ಜಂಭವೆಂದು ಮನ್‌ಸಿಕ್ ತೀರ್ಮಾನಿಸಿ ಆರು ತಿಂಗಳಾಯಿತು.

ಟೂರು ಇಲ್ಲವೆಂದ ಮೇಲೆ ಅವರ ಎದೆ ಹಗುರಾಯಿತು. ಫ್ರಿಜ್ಜಿನ ತಪಾಸಣೆಗೆ ಹೊರಟರು. ಒಳಗೆ ಸಾಲುಸಾಲು ಡಬ್ಬಿ. ಪ್ರತಿಯೊಂದರ ಮೇಲೂ ಟೇಪು ಅಂಟಿಸಿ, ದಪ್ಪ ಅಕ್ಷರದ ಬರಹ.

"ಇಪ್ಪತ್ತಾರು ಡಬ್ಬಿ! ನನ್ನ ಆಪರೇಷನ್ ಸಣ್ಣದಲ್ಲ ಅಂತ ನಿನಗಾದ್ರೂ ಗೊತ್ತಾಯ್ತಲ್ಲ. ನಿನ್ನ ತಮ್ಮ ಇದಾನೆ, 'ನಾಲ್ಕು ಹೊಲಿಗೆ ಅಷ್ಟೇ ಭಾವ' ಅಂತ ಹಲ್ಲು ಕಿರೀತಾನೆ. ಇದೇನು... ಕುಂಬಳಕಾಯಿ ಗಂಜಿ. 'ಮುಖ ಊದಿದಾಗ, ದಿನಕ್ಕೆ ಎರಡು ಸಲ.' ಏನೇ ಇದು? ನಾನು ದಿನಕ್ಕೆ ಎರಡು ಸಲ ಮುಖ ಊದಿಸ್ಕೋತೀನಾ?"

"ಎರಡೇ ಸಲ ಅಂತ ಯಾರಂದ್ರು? ಅದು ನಿಮಗಲ್ಲ, ಒಳಗಿಡಿ."

ಮನ್‌ಸಿಕ್ ಮುಖ ಊದಿಸಿಕೊಂಡು ಅದನ್ನು ಒಳಗಿಟ್ಟು ಇನ್ನೊಂದು ಎತ್ತಿದರು. ಕೆಂಪಗೆ ಖಾರವಾದ ಮಾಂಸದ ಸಾರು. ಸಾವಿನ ಮನೆಯಲ್ಲಿ ಬಂದವರಿಗೆಲ್ಲ ಬಡಿಸುತ್ತಾರಲ್ಲ, ಅದೇ. ಮೇಲೆ ಬರೆದಿತ್ತು: 'ಕಣ್ಣು ಮುಚ್ಚಿದ ದಿನ, ಮಧ್ಯಾಹ್ನ.'

ಅವರು ಕೈಯಿಂದ ತಡವಿ ಕುರ್ಚಿ ಹುಡುಕಿ ಕೂತರು.

"ಓಕ್‌ಬುನ್... ಡಾಕ್ಟ್ರು ನಿನ್ನ ಹತ್ರ ಏನಂದ್ರು? ಮುಚ್ಚಿಡಬೇಡ."

ಸೌಟು ನಿಂತಿತು. "ನಿಮಗೆ ಯಾರು ಹೇಳಿದ್ರು?"

"ಹಾಗಾದ್ರೆ ನಿಜ!"

"ನಿಜ. ಹೇಳಿದ್ರೆ ಬೇಡ ಅಂತೀರ ಅಂತ ಸುಮ್ನಿದ್ದೆ."

"ಬೇಡ ಅನ್ನದೆ ಯಾರಾದ್ರೂ ಬೇಕು ಅಂತಾರೇನೇ? ಯಾವತ್ತಂತೆ?"

"ಗುರುವಾರ. ಹತ್ತೂವರೆಗೆ."

"ಟೈಮೂ ಹೇಳ್ಬಿಟ್ರಾ!"

"ಅರ್ಧ ಗಂಟೆ ಕೆಲಸವಂತೆ. ನೋವೇ ಗೊತ್ತಾಗಲ್ವಂತೆ."

ಮನ್‌ಸಿಕ್ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. ಅದರ ತೂಕ ನೋಡಿದರು. ಸಾವು ಎದುರಿಗಿದ್ದರೂ ಆಡಳಿತದ ಅನುಭವ ಎಲ್ಲಿಗೆ ಹೋಗುತ್ತದೆ?

"ಇದೊಂದು ಡಬ್ಬಿ ಎಲ್ಲಿಗೆ ಸಾಲುತ್ತೆ? ನಮ್ಮ ಕಚೇರಿಯಿಂದಲೇ ನಲವತ್ತು ಜನ ಬರ್ತಾರೆ!"

"ಯಾಕ್ರೀ? ನನ್ನ ರೆಪ್ಪೆ ನೋಡೋಕಾ?"

"ರೆಪ್ಪೆ?"

"ಕಣ್ಣಿನ ರೆಪ್ಪೆ! ಜೋತುಬಿದ್ದು ಅರ್ಧ ಕಣ್ಣು ಮುಚ್ಚಿಹೋಗಿದೆ. ಗದ್ದ ಎತ್ತಿ ನಂಬರು ಓದೋದ್ರೊಳಗೆ ಬಸ್ಸು ಹೊರಟುಹೋಗಿರುತ್ತೆ. ಮಂಗಳವಾರ ನಿಮ್ಮದು, ಬುಧವಾರ ಮನೆಗೆ ಬರ್ತೀರ, ಗುರುವಾರ ನಂದು. ರೆಪ್ಪೆ ಕತ್ತರಿಸಿ ಹೊಲೀತಾರೆ. ಆವತ್ತು ಕಣ್ಣು ಮುಚ್ಕೊಂಡು ಮಲಗ್ಬೇಕು, ಮುಖ ಊದುತ್ತೆ, ಊತ ಇಳಿಸೋಕೇ ಕುಂಬಳಕಾಯಿ. ಹೇಗೂ ನಿಮಗೋಸ್ಕರ ಮಾಡಿಡಬೇಕಲ್ಲ, ಒಂದೇ ಅಡುಗೇಲಿ ಎರಡು ಆಪರೇಷನ್ನೂ ಮುಗಿದುಹೋಗ್ಲಿ ಅಂತ."

"ಮತ್ತೆ ಈ ಕೆಂಪು ಸಾರು?"

"ನಾನು ಕಣ್ಣು ಮುಚ್ಚಿದ ದಿನ ನಿಮ್ಮ ಊಟಕ್ಕೆ. ಯಾರ ಸಾವಿನ ಮನೆಗೆ ಹೋದ್ರೂ ಮೂರು ಬಟ್ಟಲು ಹೊಡೀತೀರಲ್ಲ, ಇಷ್ಟ ಅಂದ್ಕೊಂಡೆ."

ಸಾವು ಹಿಂದೆ ಸರಿದದ್ದೇ ತಡ, ಉಪಮುಖ್ಯಸ್ಥರು ಮುಂದೆ ಬಂದರು. "ಅರವತ್ತಾರನೇ ವಯಸ್ಸಲ್ಲಿ ರೆಪ್ಪೆ—" ಎಂದು ಶುರುಮಾಡಿದರು. ಓಕ್‌ಬುನ್ ಗದ್ದ ಎತ್ತಿ ಅವರನ್ನು ನೋಡಿದಳು. ಇಷ್ಟು ದಿನ ಜಂಭವೆಂದುಕೊಂಡದ್ದು ಪಾಪ, ತಮ್ಮ ಮುಖ ಕಾಣಲೆಂದು ಪಡುತ್ತಿದ್ದ ಪಾಡು. ಅವರು ವಿಷಯ ಬದಲಿಸಿದರು.

"ಅದು ಸರಿ ಕಣೇ, ನಾನು ಭಾರ ಎತ್ತೋ ಹಾಗಿಲ್ಲ. ನಿನಗೆ ಡಬ್ಬಿ ಮೇಲಿರೋದು ಓದೋಕಾಗಲ್ಲ. ಊಟ ಹೇಗೆ?"

"ನೀವು ಓದಿ ಹೇಳಿ. ನಾನು ತಡವಿ ತಂದು ಬಿಸಿ ಮಾಡ್ತೀನಿ."

"ಅಂದ್ರೆ ಆರ್ಡರ್ ನಂದು, ಕೆಲಸ ನಿಂದು. ನಮ್ಮ ಕಚೇರೀಲೂ ಹೀಗೇ ಇತ್ತು."

"ಮನೇಲಿ ಬೇರೆ ಥರ ಇತ್ತಾ?"

ಮನ್‌ಸಿಕ್ ಕೆಂಪು ಸಾರನ್ನು ಜೋಪಾನವಾಗಿ ಒಳಗಿಟ್ಟರು. "ಹೊಲಿಗೆ ಬಿಚ್ಚಿದ ದಿನ ನಿನಗೆ ಮೊದಲು ಕಾಣೋದು ನಾನೇ, ನೆನಪಿರಲಿ."

"ನೆನಪಿದೆ. ಅದಕ್ಕೇ ಕುಂಬಳಕಾಯಿ ಗಂಜಿ ಒಂದು ಡಬ್ಬಿ ಜಾಸ್ತಿ ಮಾಡಿದೀನಿ. ಆವತ್ತು ಬೆಳಗ್ಗೆ ನೀವು ತಿಂದುಬಿಡಿ. ಪೂರ್ತಿ ಕಣ್ಣು ಬಿಟ್ಟು ನೋಡೋವಾಗ, ಊದಿದ ಮುಖ ಬೇಡ."