ಮುಚ್ಚಿದ ಕಣ್ಣಿನ ಫೋಟೊ

ಇದರಲ್ಲಿ ಕೆಲವು ನನಗೆ ತಪ್ಪು ನೆನಪಿರಬಹುದು. ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಬಂದಾಗ ಕಂಡದ್ದೆಷ್ಟು, ಕಾಕಾನ ಬಾಯಿಂದ ಕೇಳಿದ್ದೆಷ್ಟು ಎಂಬುದು ನನ್ನ ದಿನಚರಿಗೂ ಖಚಿತವಿಲ್ಲ. ಒಂದು ಮಾತನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ: ಎಪ್ಪತ್ತರ ದಶಕದ ವಿಜಾಪುರದಲ್ಲಿ ಗಿರಾಕಿಗಳನ್ನು ಓಡಿಸಲೆಂದೇ ಫೋಟೊ ಸ್ಟುಡಿಯೋ ತೆರೆದವನು ನನ್ನ ಕಾಕಾ ಒಬ್ಬನೇ!

ಉಳಿದ ಸ್ಟುಡಿಯೋಗಳಲ್ಲಿ "ಬಾಯಿ ಮುಚ್ರಿ, ಕಣ್ಣ ತೆರೀರಿ" ಎನ್ನುತ್ತಿದ್ದರು. ಕಾಕಾನಿಗೆ ಸಂಗೀತದ ಹುಚ್ಚು. ಹಾಡುವವರು ಬಂದರೆ ಹಾಡಿಸಿಯೇ ತೆಗೆಯಬೇಕೆಂಬ ಹಟ. ಒಮ್ಮೆ ತಿಕೋಟಾದ ಭಜನಾ ಮೇಳದವರು ಹೊಸ ರುಮಾಲು ಸುತ್ತಿಕೊಂಡು ಬಂದು, ಉಸಿರು ಬಿಗಿಹಿಡಿದು ಕುಳಿತರು.

"ಹಾಡ್ರಿ," ಎಂದ ಕಾಕಾ.

"ಫೋಟೊದಾಗ ಹಾಡು ಬರ್ತೈತೇನ್ರಿ?"

"ಹಾಡಲಾರದ ಕುಂತ್ರ ಭಜನಿ ಮ್ಯಾಳ ಹ್ಯಾಂಗ ಆಗ್ತೀರಿ? ಬಸ್ಸಿಗೆ ಕಾಯೋರಂಗ ಕಾಣ್ತೀರಿ!"

ಹಾಡಿದರು. ದನಿ ತಾರಕಕ್ಕೇರಿದಾಗ ಕಾಕಾ ಗುಂಡಿ ಒತ್ತಿದ. ವಾರದ ನಂತರ ಫೋಟೊ ಕಂಡ ಮೇಳದ ಹಿರಿಯ ಹೌಹಾರಿದ.

"ಯಪ್ಪಾ, ಎಂಟೂ ಮಂದಿ ಹಲ್ಲಿನ ಡಾಕ್ಟರ ಮುಂದ ಕುಂತಂಗ ಐತಲ್ರಿ!"

"ಹಲ್ಲ ಯಾಕ ನೋಡ್ತೀರಿ? ದನಿ ನೋಡ್ರಿ!"

ಮೇಳ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅಂಗಡಿ ಹೇಗೋ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಜೋಳ ಹಸನು ಮಾಡುತ್ತ ತನ್ನಷ್ಟಕ್ಕೆ ಹಾಡುತ್ತಿದ್ದಳು. ಕಣ್ಣು ಮುಚ್ಚಿತ್ತು, ಮೊರ ತೊಡೆಯ ಮೇಲೆ ನಿಂತೇಹೋಗಿತ್ತು. ಕಾಕಾ ತೆಗೆದೇಬಿಟ್ಟ. ತೆಗೆದವನು ಸುಮ್ಮನಿದ್ದನೇ? ಕಿಟಕಿಯಷ್ಟು ದೊಡ್ಡದು ಮಾಡಿ ಅಂಗಡಿಯ ಗಾಜಿನೊಳಗೆ ನಿಲ್ಲಿಸಿದ!

ನಮ್ಮ ಕಡೆ ಕಣ್ಣು ಮುಚ್ಚಿದ ಫೋಟೊಗೆ ಒಂದೇ ಅರ್ಥ: ಸಾವು. ಬದುಕಿರುವಾಗ ಫೋಟೊ ತೆಗೆಸದವರನ್ನು ಸತ್ತ ಮೇಲೆ ಕೂರಿಸಿ ತೆಗೆಸುತ್ತಿದ್ದರು. ಹೆಚ್ಚು ಕಾಸು ಕೊಟ್ಟರೆ ಫೋಟೊದವನು ಪೆನ್ಸಿಲಿನಿಂದ ಕಣ್ಣು ಬರೆದು ತೆರೆಸಿಕೊಡುತ್ತಿದ್ದ. ಹಾಗಾಗಿ ಇಟ್ಟಂಗಿಹಾಳದ ನೆಂಟರಾಕೆಯೊಬ್ಬಳು ಗಾಜಿನಲ್ಲಿ ಚಿಗವ್ವನನ್ನು ಕಂಡು, ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದಳು. ಬಾಗಿಲು ತೆರೆದವಳು ಚಿಗವ್ವನೇ!

"ಯವ್ವಾ! ನೀ ಸತ್ತಿ ಅಂತ ಬಂದೇನಲ್ಲ ಬೇ!"

ಬಂದದ್ದಕ್ಕೆ ಚಹಾ ಕುಡಿದು ಹೋದಳು.

ಸುದ್ದಿ ನಮ್ಮ ಊರಾದ ಬಬಲೇಶ್ವರವನ್ನು ಮುಟ್ಟಿತು. ಮರುದಿನವೇ ಮುತ್ಯಾ, ಕಾಕಾನ ಅಪ್ಪ, ಮೊದಲ ಬಸ್ಸಿಗೆ ಬಂದಿಳಿದ. ಅಂಗಡಿಯ ಜಾಗ ಅವನದೇ.

"ಲೇ, ಜೀವಂತ ಸೊಸಿನ್ನ ಸಾಯಿಸಿ ಗಾಜಿನ್ಯಾಗ ಇಟ್ಟೀಯಲ್ಲೋ! ಪೆನ್ಸಿಲ್ ತಗೊಂಡು ಕಣ್ಣ ತೆರಸು. ಇಲ್ಲಂದ್ರ ಅಂಗಡಿ ಬಿಡು."

"ಸತ್ತವರ ಕಣ್ಣ ಬೇಕಾದಷ್ಟು ತೆರಸೇನಿ ಯಪ್ಪಾ. ಹಾಡೋರ ಕಣ್ಣ ನಾ ತೆರಸಂಗಿಲ್ಲ."

ಅಂಗಡಿ ಬಿಟ್ಟ. ಫೋಟೊ ಬಿಡಲಿಲ್ಲ.

ಕ್ಯಾಮೆರಾ ಮಾರಿ ಎರಡು ಲೌಡ್‌ಸ್ಪೀಕರ್ ತಂದು, ಮೈಕ್‌ಸೆಟ್ ಬಾಡಿಗೆ ಕೊಡುವ ದಂಧೆ ಹೂಡಿದ. ಎಲ್ಲಿ? ಬಬಲೇಶ್ವರದಲ್ಲೇ, ಮುತ್ಯಾನ ಮನೆಯ ಎದುರಿಗೇ! ಫೋಟೊ ಹೊಸ ಅಂಗಡಿಯ ಗೋಡೆ ಏರಿತು. "ಹಾಡು ನೋಡೂದು ಒಲ್ಲೆ ಅಂದಿ. ಈಗ ಕೇಳು, ಯಪ್ಪಾ!" ಎಂದು ಸ್ಪೀಕರಿನ ಬಾಯಿಯನ್ನು ಮುತ್ಯಾನ ಕಟ್ಟೆಯತ್ತ ತಿರುಗಿಸಿದ. ಕನಮಡಿಯಿಂದ ಜೈನಾಪುರದವರೆಗೆ ಅವನ ಮೈಕಿಲ್ಲದೆ ತಾಳಿ ಕಟ್ಟದ ಕಾಲವೂ ಬಂತು. (ಉತ್ಪ್ರೇಕ್ಷೆ ಕಾಕಾನದು, ನನ್ನದಲ್ಲ!) ಮುತ್ಯಾ ಕಿವಿಗೆ ಅರಳೆ ತುರುಕಿಕೊಂಡ. ಯಾರಾದರೂ ಮಗನ ದಂಧೆಯನ್ನು ಹೊಗಳಿದರೆ ಮಾತ್ರ ಅರಳೆ ತೆಗೆದು, "ಏನಂದ್ರಿ? ಇನ್ನೊಮ್ಮೆ ಹೇಳ್ರಿ," ಎನ್ನುತ್ತಿದ್ದ.

ಈ ಕತೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ! ಕಾಕಾನ ಸೊಕ್ಕಿನ ಬಗ್ಗೆ ನನಗೆ ಈಗಲೂ ಹೆಮ್ಮೆ. ಮೊನ್ನೆ ಬರೆಯಲು ಕುಳಿತಾಗಲೇ ಹೊಳೆದದ್ದು: ಇಡೀ ಕತೆಯಲ್ಲಿ ಚಿಗವ್ವ ಒಂದು ಮಾತೂ ಆಡಿಲ್ಲ. ಆಡಿದ್ದನ್ನು ನಾನು ಮರೆತೆನೋ, ಯಾರೂ ಆಡಗೊಡಲಿಲ್ಲವೋ?

ಹೋಗಿ ಕೇಳಿದೆ. ಚಿಗವ್ವ ಆ ಫೋಟೊದ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು. ಕೈ ಫೋಟೊದ ಕಣ್ಣಿನ ಹತ್ತಿರ ಬಂದು ನಿಂತಿತು. ನಾನು ಕೇಳಿದ್ದು ಇಷ್ಟೇ:

"ಚಿಗವ್ವಾ, ಕಣ್ಣ ತೆರಸಬೇಕೋ ಬ್ಯಾಡೋ ಅಂತ ನಿನ್ನ ಯಾರರೆ ಕೇಳಿದ್ರೇನ?"